ಕಾರ್ಪಲ್ ಟನಲ್ ಆಪರೇಷನ್: ಓಪನ್ ಮಾಡಿಸಲಾ, ಎಂಡೋಸ್ಕೋಪಿನಾ?

ಅವ್ವನಿಗೆ ಕಾರ್ಪಲ್ ಟನಲ್ (ಮಣಿಕಟ್ಟಿನಲ್ಲಿ ನರ ಒತ್ತಿಕೊಂಡು ಕೈ ಜೋಮು ಹಿಡಿಯುವುದು) ಆಪರೇಷನ್ ಹೇಳಿದ್ದಾರೆ, ಮನೆಯಲ್ಲಿ ದಿನಾ ರೊಟ್ಟಿ ಬಡಿಯುವವರು ಅವರೇ, ಯಾವುದು ಮಾಡಿಸಲಿ ಅಂತ ಕೇಳಿದ್ದೀರಿ. ನಾನು ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವಳು. ಬಲಗೈಗೆ ಓಪನ್ ಮಾಡಿಸಿಕೊಂಡಿದ್ದೇನೆ. ಡಾಕ್ಟರ ಕೈ ಯಾವುದರಲ್ಲಿ ಪಳಗಿದೆಯೋ ಅದನ್ನೇ ಮಾಡಿಸಿ ಅನ್ನುತ್ತೇನೆ.

ಎರಡರಲ್ಲೂ ಮಾಡುವ ಕೆಲಸ ಒಂದೇ. ಅಂಗೈ ಬುಡದಲ್ಲಿ ಪಟ್ಟಿಯಂಥ ಗಟ್ಟಿ ನಾರು ಇರುತ್ತದೆ. ಅದರ ಕೆಳಗೆ ಹೆಬ್ಬೆರಳ ಕಡೆಯ ಬೆರಳುಗಳಿಗೆ ಹೋಗುವ ಮೀಡಿಯನ್ ನರ ಇಕ್ಕಟ್ಟಿಗೆ ಸಿಕ್ಕಿರುತ್ತದೆ. ಆ ಪಟ್ಟಿ ಕೊಯ್ದು ನರಕ್ಕೆ ಜಾಗ ಮಾಡಿಕೊಡುತ್ತಾರೆ. ಓಪನ್‌ನಲ್ಲಿ ಅಂಗೈ ಕೊಯ್ದು ನೇರವಾಗಿ ನೋಡಿಕೊಂಡು ಮಾಡುತ್ತಾರೆ. ಎಂಡೋಸ್ಕೋಪಿಯಲ್ಲಿ ಸಣ್ಣ ತೂತಿನಿಂದ ಕ್ಯಾಮೆರಾ ಬಿಡುತ್ತಾರೆ. ಗಾಯ ಚಿಕ್ಕದು, ಕೆಲಸಕ್ಕೂ ಸ್ವಲ್ಪ ಬೇಗ ಹೋಗಬಹುದು. ಆದರೆ ಖರ್ಚು ಜಾಸ್ತಿ, ನರಕ್ಕೆ ಸ್ವಲ್ಪ ಕಾಲದ ಮಟ್ಟಿಗೆ ತೊಂದರೆಯಾಗುವ ಸಂಭವವೂ ತುಸು ಜಾಸ್ತಿ. ವರ್ಷ ಕಳೆದ ಮೇಲೆ ಎರಡರ ಗುಣವೂ ಹೆಚ್ಚುಕಡಿಮೆ ಒಂದೇ.

ನನಗೆ ಕೈಗಷ್ಟೇ ಇಂಜೆಕ್ಷನ್ ಕೊಟ್ಟರು. ಎಚ್ಚರವಾಗಿಯೇ ಇದ್ದೆ, ಅವತ್ತೇ ಮನೆಗೆ ಬಂದೆ. ರಾತ್ರಿ ಜೋಮು ಹಿಡಿದು ಎದ್ದು ಕೂತು ಕೈ ಕೊಡವುವುದು ಬೇಗನೇ ನಿಂತಿತು. ಹೊಲಿಗೆ ಸಾಮಾನ್ಯವಾಗಿ 10ರಿಂದ 14 ದಿನಕ್ಕೆ ಬಿಚ್ಚುತ್ತಾರೆ.

ನಿಮ್ಮ ಅವ್ವನಿಗೆ ಮುಖ್ಯವಾದದ್ದು ಅದಾದ ಮೇಲಿನದು. ಗಾಯ ಮಾಯ್ದ ಮೇಲೂ ಅದರ ಎರಡೂ ಪಕ್ಕ, ಹೆಬ್ಬೆರಳ ಬುಡ ಮತ್ತು ಕಿರುಬೆರಳ ಬುಡದ ಕಡೆ, ಒತ್ತಿದರೆ ನೋಯುತ್ತದೆ. ಜೋಳದ ಹಿಟ್ಟು ನಾದುವಾಗ ಭಾರವೆಲ್ಲ ಬೀಳುವುದು ಸರಿಯಾಗಿ ಅಲ್ಲೇ ಅಲ್ವಾ? ನನಗೆ ಮಷೀನಿಗೆ ಬಟ್ಟೆ ಕೊಡುವುದು ಮೊದಲು ಸಾಧ್ಯವಾಯಿತು. ಹಿಟ್ಟು ನಾದುವುದು ಅದಕ್ಕಿಂತ ಎಷ್ಟೋ ತಡವಾಗಿ. ಕೆಲವು ತಿಂಗಳು ರೊಟ್ಟಿಗೆ ಬೇರೆ ಯಾರಾದರೂ ಬೇಕು, ಇಲ್ಲವೇ ಅಂಗಡಿಯ ಖಡಕ್ ರೊಟ್ಟಿ ತನ್ನಿ. ಎಂಡೋಸ್ಕೋಪಿಯಲ್ಲೂ ಈ ನೋವು ಬರಬಹುದು. ನಾಲ್ಕನೇ ದಿನಕ್ಕೇ ರೊಟ್ಟಿ ಬಡಿಯಬಹುದು ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಆಪರೇಷನ್‌ಗೆ ಮೊದಲು ನರದ ಟೆಸ್ಟ್ ಆಗಿದೆಯಾ? ಎನ್‌ಸಿಎಸ್ ಅನ್ನುತ್ತಾರೆ. ಶುಗರ್, ಥೈರಾಯ್ಡ್ ಕೂಡ ನೋಡಿಸಿ. ಕಿರುಬೆರಳಿಗೂ ಜೋಮು ಇದ್ದರೆ ಮರೆಯದೆ ಹೇಳಿ, ಆ ಬೆರಳಿನ ನರ ಬೇರೆ. ರಾತ್ರಿ ಮಾತ್ರ ತೊಂದರೆ ಇದ್ದರೆ ಮಲಗುವಾಗ ಸ್ಪ್ಲಿಂಟ್ (ಮಣಿಕಟ್ಟು ಬಗ್ಗದಂತೆ ಹಿಡಿದಿಡುವ ಪಟ್ಟಿ) ಹಾಕಿ ಕೆಲವು ವಾರ ನೋಡಬಹುದು, ಸ್ಟೀರಾಯ್ಡ್ ಇಂಜೆಕ್ಷನ್ನೂ ಇದೆ. ಆದರೆ ಹೆಬ್ಬೆರಳ ಬುಡದ ಮಾಂಸ ತಗ್ಗಿದ್ದರೆ, ಗುಂಡಿ ಹಾಕಲು ಬೆರಳು ಬಗ್ಗದಿದ್ದರೆ, ಸುಮ್ನೆ ಎಣ್ಣೆ ತಿಕ್ಕಿಸಿಕೊಂಡು ದಿನ ತಳ್ಳಬೇಡಿ. ಒಮ್ಮೆ ಸೊರಗಿದ ಮಾಂಸ ಪೂರ್ತಿ ತುಂಬಿಕೊಳ್ಳದೆಯೂ ಇರಬಹುದು.

ಎರಡೂ ಕೈಗೆ ಇದ್ದರೆ ಜಾಸ್ತಿ ಕೆಟ್ಟಿರುವ ಕೈ ಮೊದಲು ಮಾಡಿಸಿ. ಜಳಕಕ್ಕೆ, ತಲೆ ಬಾಚಿಕೊಳ್ಳಲು ಅವರಿಗೆ ಒಂದು ಕೈಯಾದರೂ ಬೇಕಲ್ಲ.