ರೋಮನ್ ವಿಡಂಬನ ಕಾವ್ಯ ತೋರಿಸುವ ದಿನನಿತ್ಯದ ಬದುಕನ್ನು ಎಷ್ಟು ನಂಬಬಹುದು?

ಬೀದಿಯ ವಿವರಗಳನ್ನು ಬಹುಮಟ್ಟಿಗೆ ನಂಬಬಹುದು. ಜನರ ಬಗೆಗಿನ ತೀರ್ಪುಗಳನ್ನು ನಂಬಬಾರದು.

ಕ್ರಿ.ಶ. 2ನೇ ಶತಮಾನದ ಆರಂಭದ ಕವಿ ಜುವೆನಲ್‌ನ ಮೂರನೇ ವಿಡಂಬನೆಯನ್ನೇ ನೋಡಿ. ಊರು ಬಿಟ್ಟು ಹೊರಟ ಉಂಬ್ರಿಸಿಯಸ್ ಎಂಬಾತ ರೋಮ್ ಮೇಲಿನ ಸಿಟ್ಟನ್ನೆಲ್ಲ ಕಾರಿಕೊಳ್ಳುತ್ತಾನೆ: ಆಸರೆಗಂಬ ಕೊಟ್ಟು ನಿಲ್ಲಿಸಿದ ಮನೆಗಳು, ರಾತ್ರಿಯಿಡೀ ನಿದ್ದೆಗೆಡಿಸುವ ಗಾಡಿಗಳು, ಮಹಡಿ ಕಿಟಕಿಯಿಂದ ತಲೆ ಮೇಲೆ ಬೀಳುವ ಒಡಕು ಮಡಕೆ. ಇದು ಬರೀ ಕಲ್ಪನೆಯಲ್ಲ. ಹಗಲಿನಲ್ಲಿ ಹೆಚ್ಚಿನ ಗಾಡಿಗಳಿಗೆ ನಗರದೊಳಗೆ ಪ್ರವೇಶವಿರಲಿಲ್ಲ, ಹಾಗಾಗಿ ಸರಕು ರಾತ್ರಿಯೇ ಬರಬೇಕಿತ್ತು. ಮೇಲಿಂದ ಎಸೆದದ್ದೋ ಸುರಿದದ್ದೋ ದಾರಿಹೋಕರಿಗೆ ಹಾನಿ ಮಾಡಿದರೆ ಆ ಮನೆಯಲ್ಲಿ ವಾಸವಿದ್ದವನೇ ಹೊಣೆ ಎಂದು ರೋಮನ್ ಕಾನೂನೇ ಹೇಳುತ್ತಿತ್ತು.

ಆದರೆ ಇಲ್ಲಿ ಮಾತಾಡುವವನು ಕವಿ ಕಟ್ಟಿದ ಪಾತ್ರ. ಜೊತೆಗೆ, ವರ್ಜಿಲ್ ವೀರರ ಕಥೆಗೆ ಬಳಸಿದ ಹೆಕ್ಸಾಮೀಟರ್ ಛಂದಸ್ಸನ್ನೇ (ಸಾಲಿಗೆ ಆರು ಗಣ) ಜುವೆನಲ್ ಮಡಕೆ, ಕೆಸರಿಗೂ ಬಳಸುತ್ತಾನೆ. ಅದರಿಂದ ದಿನದ ಕಿರಿಕಿರಿಯೂ ಮಹಾಯುದ್ಧದಷ್ಟು ದೊಡ್ಡದಾಗಿ ಕಾಣುತ್ತದೆ. ಉತ್ಪ್ರೇಕ್ಷೆಯ ಮೂಲ ಅಲ್ಲಿದೆ. ಗ್ರೀಕ್ ವಲಸಿಗರೆಲ್ಲ ಮೋಸಗಾರರು ಎಂಬ ಉಂಬ್ರಿಸಿಯಸ್‌ನ ಮಾತನ್ನು ಗ್ರೀಕರ ಬಗೆಗಿನ ಸಾಕ್ಷ್ಯವೆಂದು ಓದಬೇಡಿ. ಶ್ರೀಮಂತರ ಮನೆಯಲ್ಲಿ ತನ್ನ ಜಾಗ ಹೊರಗಿನವರ ಪಾಲಾಯಿತೆಂದು ಕುದಿಯುವ ಬಡ ರೋಮನ್ನನ ಮನಸ್ಸು ಅದು, ಮತ್ತು ಇಡೀ ಕವಿತೆಯಲ್ಲಿ ನನಗೆ ಅತ್ಯಂತ ಬೆಲೆಬಾಳುವ ದಾಖಲೆ ಅದೇ.