40ನೇ ಪುಟದಲ್ಲಿ ನಿಂತುಹೋದವರಿಗೆ

ಓದುಗರ ಪತ್ರ: ನಾನು ಕಾದಂಬರಿ ಓದುವವಳು. ಹಿಡಿಸಿದರೆ ನಿದ್ದೆಗೆಟ್ಟು ಮುಗಿಸುತ್ತೇನೆ. ಆದರೆ ವಿಜ್ಞಾನದ ಪುಸ್ತಕ ಕೈಗೆತ್ತಿಕೊಂಡರೆ 40ನೇ ಪುಟ ದಾಟುವುದಿಲ್ಲ. ಎಲ್ಲರೂ ಹೊಗಳಿದರು ಅಂತ ಹಾಕಿಂಗ್ ಪುಸ್ತಕ ತಂದೆ, ಕಪಾಟಿನಲ್ಲೇ ಕೂತಿದೆ. ಬದುಕು ಬದಲಿಸುತ್ತದೆ ಎಂದು ಹೇಳಿಕೊಳ್ಳುವ ಇನ್ನೊಂದನ್ನು ತಂದೆ, ಅದರಲ್ಲಿ ಇಡೀ 300 ಪುಟ ಒಂದೇ ಮಾತು. ನನ್ನ ತಲೆಗೇ ಇದು ಹತ್ತುವುದಿಲ್ಲವೇ? ಕಥೆಯ ಹಾಗೆ ಓದಿಸಿಕೊಂಡು ಹೋಗುವ ಹತ್ತು ಪುಸ್ತಕಗಳ ಪಟ್ಟಿ ಕೊಡಿ. ಆಡಿಯೋ ಪುಸ್ತಕ ಕೇಳಿದರೂ ನಡೆಯುತ್ತದೆಯೇ?

ಸಂಪಾದಕರ ಉತ್ತರ:

ಮೊದಲು ಕಪಾಟಿನಲ್ಲಿ ಕೂತಿರುವ ಪುಸ್ತಕದ ವಿಷಯ ಮುಗಿಸಿಬಿಡೋಣ. ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ವಿಶ್ವದ ಹುಟ್ಟಿನ ಬಗ್ಗೆ ಬರೆದ 'ಎ ಬ್ರೀಫ್ ಹಿಸ್ಟರಿ ಆಫ್ ಟೈಮ್' ಬಂದಿದ್ದು 1988ರಲ್ಲಿ. ಒಂದೊಂದು ಸಮೀಕರಣ ಸೇರಿಸಿದಾಗಲೂ ಮಾರಾಟ ಅರ್ಧಕ್ಕೆ ಇಳಿಯುತ್ತದೆ ಎಂದು ಯಾರೋ ಅವರನ್ನು ಹೆದರಿಸಿದ್ದರಂತೆ. ಅದಕ್ಕೇ ಐನ್‌ಸ್ಟೈನ್ ಅವರ ಪ್ರಸಿದ್ಧ ಸಮೀಕರಣ ಒಂದನ್ನು ಬಿಟ್ಟು ಬೇರೆ ಯಾವುದನ್ನೂ ಹಾಕಲಿಲ್ಲ. ಪುಸ್ತಕವೇನೋ ಕೋಟಿ ಪ್ರತಿ ದಾಟಿ ಮಾರಾಟವಾಯಿತು. ಓದಿ ಮುಗಿಸಿದವರೆಷ್ಟು? 2014ರಲ್ಲಿ ಗಣಿತಜ್ಞ ಜೋರ್ಡನ್ ಎಲೆನ್‌ಬರ್ಗ್ ಒಂದು ತಮಾಷೆಯ ಲೆಕ್ಕ ಹಾಕಿದರು. ಕಿಂಡಲ್‌ನಲ್ಲಿ ಜನ ಜಾಸ್ತಿ ಗುರುತು ಹಾಕಿಕೊಂಡ ಸಾಲುಗಳು ಪುಸ್ತಕದ ಯಾವ ಭಾಗದಲ್ಲಿವೆ ಎಂದು ನೋಡಿದರು. ಎಲ್ಲವೂ ಶುರುವಿನ ಪುಟಗಳಲ್ಲೇ ಇದ್ದರೆ ಜನ ಮುಂದಕ್ಕೆ ಹೋಗಿಲ್ಲ ಎಂದು ಲೆಕ್ಕ. ಅದಕ್ಕೆ ಅವರು ಇಟ್ಟ ಹೆಸರೇ 'ಹಾಕಿಂಗ್ ಸೂಚ್ಯಂಕ'. ಹಾಕಿಂಗ್ ಪುಸ್ತಕಕ್ಕೆ ಸಿಕ್ಕಿದ್ದು ಶೇ. 6.6, ಅಂದರೆ ಆ ಸಾಲುಗಳು ಸರಾಸರಿ ಇದ್ದದ್ದು ಪುಸ್ತಕದ ಅಷ್ಟು ಭಾಗ ದಾಟುವಷ್ಟರಲ್ಲೇ. ಥಾಮಸ್ ಪಿಕೆಟಿಯವರ ದಪ್ಪನೆಯ ಅರ್ಥಶಾಸ್ತ್ರದ ಪುಸ್ತಕಕ್ಕೆ ಶೇ. 2.4. ಇದೇನು ಶಾಸ್ತ್ರೀಯ ಅಧ್ಯಯನ ಅಲ್ಲ, ಅವರೇ ಹಾಗೆ ಹೇಳಿದ್ದಾರೆ. ಆದರೂ 40ನೇ ಪುಟದಲ್ಲಿ ನಿಮ್ಮ ಜೊತೆ ಎಷ್ಟು ಜನ ಇದ್ದಾರೆ ಅಂತ ಗೊತ್ತಾಯಿತಲ್ಲ.

ಹಾಗಾಗಿ ನಿಮ್ಮ ತಲೆಯ ಮೇಲೆ ತಪ್ಪು ಹೊರಿಸುವುದು ಬೇಡ. ವಿಷಯದ ಮೇಲೂ ಬೇಡ. ಎರೆಹುಳುವಿಗಿಂತ ಸಪ್ಪೆ ವಿಷಯ ಬೇಕೇ? ಚಾರ್ಲ್ಸ್ ಡಾರ್ವಿನ್ ಬರೆದ ಕೊನೆಯ ಪುಸ್ತಕ ಎರೆಹುಳುಗಳ ಮೇಲೆ. 1881ರಲ್ಲಿ ಅಚ್ಚಾಯಿತು, ಕೈಗೆ ಸಿಗದ ಹಾಗೆ ಖರ್ಚೂ ಆಯಿತು. ಹುಳುಗಳಿಗೆ ಕಿವಿ ಕೇಳುತ್ತದೆಯೇ ಎಂದು ಡಾರ್ವಿನ್‌ಗೆ ತಿಳಿಯಬೇಕಿತ್ತು. ಕುಂಡಗಳಲ್ಲಿ ಹುಳು ಸಾಕಿದರು. ಅವುಗಳ ಪಕ್ಕದಲ್ಲಿ ಸೀಟಿ ಊದಿಸಿದರು. ಬಸೂನ್ ಎಂಬ ದಪ್ಪ ದನಿಯ ವಾದ್ಯ ನುಡಿಸಿದ್ದಾಯಿತು. ಕೂಗಿದ್ದಾಯಿತು. ಪಿಯಾನೋವನ್ನು ಆದಷ್ಟು ಜೋರಾಗಿ ಬಾರಿಸಿದ್ದಾಯಿತು. ಹುಳುಗಳು ಕ್ಯಾರೇ ಅನ್ನಲಿಲ್ಲ. ಆಮೇಲೆ ಕುಂಡಗಳನ್ನು ಪಿಯಾನೋ ಮೇಲೇ ಇಟ್ಟು ಒಂದೇ ಒಂದು ಸ್ವರ ಒತ್ತಿದರು. ಹುಳುಗಳು ಸರಕ್ಕನೆ ಬಿಲ ಸೇರಿದವು! ಗಾಳಿಯಲ್ಲಿ ಬರುವ ಸದ್ದು ಅವಕ್ಕೆ ಏನೂ ಅಲ್ಲ, ಮಣ್ಣು ಅದುರಿದರೆ ಮಾತ್ರ ತಟ್ಟುತ್ತದೆ. ಅಷ್ಟಕ್ಕೇ ಬಿಡಲಿಲ್ಲ. 1842ರಲ್ಲಿ ಒಂದು ಹೊಲದ ಮೇಲೆ ಸುಣ್ಣಕಲ್ಲಿನ ಚೂರು ಹರಡಿಸಿದ್ದರು. 29 ವರ್ಷ ಕಾದು, 1871ರಲ್ಲಿ ಅಲ್ಲಿ ಅಗೆಸಿ ನೋಡಿದರು. ಬಿಳಿ ಚೂರುಗಳ ಸಾಲು 7 ಇಂಚು ಕೆಳಗೆ ಇತ್ತು. ಹುಳುಗಳು ಅಷ್ಟು ವರ್ಷವೂ ಒಳಗಿನ ಮಣ್ಣನ್ನು ಮೇಲಕ್ಕೆ ತಂದು ಹಾಕುತ್ತಲೇ ಇದ್ದವು.

ಇದನ್ನೇ ಪಠ್ಯಪುಸ್ತಕ ಹೇಗೆ ಹೇಳುತ್ತದೆ? 'ಎರೆಹುಳು ರೈತನ ಮಿತ್ರ. ಅದು ಮಣ್ಣನ್ನು ಸಡಿಲಗೊಳಿಸುತ್ತದೆ.' ಎರಡೂ ಕಡೆ ವಿಷಯ ಒಂದೇ. ಪಠ್ಯಪುಸ್ತಕದಲ್ಲಿ ಬರೀ ಉತ್ತರ ಇದೆ. ಡಾರ್ವಿನ್ ಪುಸ್ತಕದಲ್ಲಿ ಆ ಉತ್ತರ ಹೇಗೆ ಸಿಕ್ಕಿತು ಅನ್ನುವುದಿದೆ. ನನ್ನ ಮಟ್ಟಿಗೆ ಒಳ್ಳೆಯ ವಿಜ್ಞಾನದ ಪುಸ್ತಕ ಅಂದರೆ ಇಷ್ಟೇ: 'ಇದು ನಿಮಗೆ ಹೇಗೆ ಗೊತ್ತಾಯಿತು?' ಎಂದು ಓದುಗ ಕೇಳುವ ಮೊದಲೇ ಹೇಳಲು ಶುರುಮಾಡುವಂಥದ್ದು. ಬಿಲ್ ಬ್ರೈಸನ್ ಅವರ 'ಎ ಶಾರ್ಟ್ ಹಿಸ್ಟರಿ ಆಫ್ ನಿಯರ್ಲಿ ಎವೆರಿಥಿಂಗ್' (2003) ಹುಟ್ಟಿದ್ದೇ ಈ ಪ್ರಶ್ನೆಯಿಂದ. ಶಾಲೆಯ ಪುಸ್ತಕದಲ್ಲಿ ಭೂಮಿಯನ್ನು ಕತ್ತರಿಸಿ ಒಳಗಿನ ಪದರ ತೋರಿಸಿದ ಚಿತ್ರ ನೋಡಿ, ಇವರಿಗೆ ಇದೆಲ್ಲ ಹೇಗೆ ಗೊತ್ತು ಎಂದು ಅವರಿಗೆ ಬೆರಗಾಗಿತ್ತು. ಆಸೆಯಿಂದ ಪಾಠ ಓದಿದರೆ ಅಲ್ಲಿ ಉತ್ತರ ಇರಲಿಲ್ಲ. ಬ್ರೈಸನ್ ವಿಜ್ಞಾನಿಯಲ್ಲ, ಪ್ರವಾಸ ಕಥನ ಬರೆಯುತ್ತಿದ್ದವರು. ದೊಡ್ಡವರಾದ ಮೇಲೆ ಆ ಪ್ರಶ್ನೆ ಹಿಡಿದು ವಿಜ್ಞಾನಿಗಳ ಬೆನ್ನು ಬಿದ್ದರು. ಕನ್ನಡದಲ್ಲಿ ತೇಜಸ್ವಿಯವರ 'ಪರಿಸರದ ಕತೆ' ಓದಿದವರಿಗೆ ಈ ರುಚಿ ಗೊತ್ತೇ ಇದೆ.

ಇನ್ನು ಆರಿಸುವುದು ಹೇಗೆ? ಮುನ್ನುಡಿ ಓದಿ ಮೋಸಹೋಗಬೇಡಿ. ಬೆನ್ನುಪುಟದ ಹೊಗಳಿಕೆ ಅಂತೂ ಬಿಟ್ಟೇಬಿಡಿ, ಅದನ್ನು ಬರೆಯುವವರು ಹೆಚ್ಚಾಗಿ ಸ್ನೇಹಿತರು. ಮೊದಲ ಅಧ್ಯಾಯವನ್ನು ಎಲ್ಲರೂ ತಿದ್ದಿ ತೀಡಿ ಚೆಂದ ಮಾಡಿರುತ್ತಾರೆ. ಹಾಗಾಗಿ ಪುಸ್ತಕವನ್ನು ನಟ್ಟನಡುವೆ ತೆರೆಯಿರಿ. ಎರಡು ಪುಟ ಓದಿ. ಅಲ್ಲಿ ಒಬ್ಬ ಮನುಷ್ಯ, ಒಂದು ಜಾಗ, ಕೈಯಿಂದ ಮಾಡಿದ ಒಂದು ಕೆಲಸ ಸಿಗುತ್ತದೆಯೇ ನೋಡಿ. 'ಸಂಶೋಧನೆಗಳು ತೋರಿಸಿವೆ', 'ವಿಜ್ಞಾನಿಗಳು ಕಂಡುಕೊಂಡಿದ್ದಾರೆ' ಎಂಬ ಮಾತೇ ಸಾಲುಸಾಲಾಗಿ ಬರುತ್ತಿದೆಯೇ? ಎಲ್ಲಿತ್ತೋ ಅಲ್ಲೇ ಇಟ್ಟುಬಿಡಿ. ಅನುವಾದ ಆದರೆ ಒಂದು ಪುಟವನ್ನು ಗಟ್ಟಿಯಾಗಿ ಓದಿ ನೋಡಿ. ನಾಲಿಗೆ ಮೂರು ಸಲ ತೊಡರಿದರೆ ಮೂಲಕ್ಕೇ ಹೋಗುವುದು ಮೇಲು.

ನೀವು ಕಾದಂಬರಿ ಓದುವವರು. ಹಾಗಿದ್ದರೆ ವಿಶ್ವದ ಹುಟ್ಟಿನಿಂದ ಯಾಕೆ ಶುರುಮಾಡಬೇಕು? ಮನುಷ್ಯರಿಂದ ಶುರುಮಾಡಿ. ನರರೋಗ ತಜ್ಞ ಆಲಿವರ್ ಸ್ಯಾಕ್ಸ್ ಅವರ 'ದ ಮ್ಯಾನ್ ಹೂ ಮಿಸ್ಟುಕ್ ಹಿಸ್ ವೈಫ್ ಫಾರ್ ಎ ಹ್ಯಾಟ್' (1985) ಒಂದೊಂದು ರೋಗಿಯದು ಒಂದೊಂದು ಕಥೆ. ಹೆಸರಿನಲ್ಲಿರುವ ಮನುಷ್ಯ ಒಬ್ಬ ಸಂಗೀತದ ಮೇಷ್ಟ್ರು. ಕಣ್ಣು ಚೆನ್ನಾಗಿದೆ. ಆದರೆ ಮಿದುಳಿಗೆ ಕಂಡದ್ದು ಏನೆಂದು ತಿಳಿಯುತ್ತಿಲ್ಲ. ಸ್ಯಾಕ್ಸ್ ಅವನ ಕೈಗೆ ಒಂದು ಗುಲಾಬಿ ಕೊಡುತ್ತಾರೆ. ಅವನು ಅದನ್ನು ತಿರುಗಿಸಿ ನೋಡಿ, ಸುಮಾರು ಆರಿಂಚು ಉದ್ದ ಇದೆ, ಸುರುಳಿ ಸುತ್ತಿದ ಕೆಂಪು ಆಕಾರ, ಅದಕ್ಕೆ ನೇರವಾದ ಹಸಿರು ಏನೋ ಸೇರಿದೆ ಅನ್ನುತ್ತಾನೆ. ಏನಿರಬಹುದು ಎಂದರೆ ಗೊತ್ತಿಲ್ಲ. ಮೂಸಿ ನೋಡಿ ಅನ್ನುತ್ತಾರೆ ಸ್ಯಾಕ್ಸ್. ಮೂಸಿದ ತಕ್ಷಣ ಅವನ ಮುಖ ಅರಳುತ್ತದೆ: ಗುಲಾಬಿ! ಇದಕ್ಕೂ ಮುಂಚಿನ ಭೇಟಿಯಲ್ಲಿ ಹೊರಡುವಾಗ ಟೋಪಿ ಹುಡುಕುತ್ತಾ ಹೆಂಡತಿಯ ತಲೆಗೆ ಕೈ ಹಾಕಿ ಎತ್ತಲು ನೋಡಿದ್ದ. ಇಷ್ಟು ಓದಿದ ಮೇಲೆ ನಾವು ನೋಡುವುದು ಕಣ್ಣಿಂದಲೋ ಮಿದುಳಿಂದಲೋ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ, ಅಲ್ವಾ? ಇದನ್ನು ಮೊದಲಿಂದ ಕೊನೆವರೆಗೆ ಓದಬೇಕೆಂದೂ ಇಲ್ಲ. ಯಾವ ಕಥೆ ಬೇಕೋ ಅದನ್ನು ತೆರೆಯಬಹುದು.

ಅದು ಹಿಡಿಸಿದರೆ ರೆಬೆಕಾ ಸ್ಕ್ಲೂಟ್ ಅವರ 'ದ ಇಮ್ಮಾರ್ಟಲ್ ಲೈಫ್ ಆಫ್ ಹೆನ್ರಿಯೆಟ್ಟಾ ಲ್ಯಾಕ್ಸ್' (2010). 1951ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ ಕಪ್ಪು ಮಹಿಳೆಯೊಬ್ಬರ ಜೀವಕೋಶಗಳನ್ನು ಅವರನ್ನು ಕೇಳದೆಯೇ ತೆಗೆದಿಟ್ಟುಕೊಂಡಿದ್ದರು. ಅವು ಪ್ರಯೋಗಾಲಯದಲ್ಲಿ ಸಾಯಲೇ ಇಲ್ಲ. ಪೋಲಿಯೋ ಲಸಿಕೆಯ ಪರೀಕ್ಷೆಗೂ ಬಳಕೆಯಾದವು. ಮನೆಯವರಿಗೆ ಮಾತ್ರ 20 ವರ್ಷ ಈ ಸುದ್ದಿಯೇ ಗೊತ್ತಿರಲಿಲ್ಲ. ದಪ್ಪ ಪುಸ್ತಕ ಬೇಡ ಅನಿಸಿದರೆ ಡಾವಾ ಸೋಬೆಲ್ ಅವರ 'ಲಾಂಗಿಟ್ಯೂಡ್' (1995). ಸಮುದ್ರದ ನಡುವೆ ಹಡಗು ಎಲ್ಲಿದೆ ಎಂದು ತಿಳಿಯುವ ಉಪಾಯಕ್ಕೆ ಬ್ರಿಟನ್ನಿನ ಸಂಸತ್ತು 1714ರಲ್ಲಿ 20,000 ಪೌಂಡ್‌ವರೆಗೆ ಬಹುಮಾನ ಸಾರಿತ್ತು. ದೊಡ್ಡ ದೊಡ್ಡ ಖಗೋಳಜ್ಞರು ಆಕಾಶ ನೋಡುತ್ತಿದ್ದರೆ, ಬಡಗಿಯ ಮಗ ಜಾನ್ ಹ್ಯಾರಿಸನ್ ಗಡಿಯಾರ ಮಾಡುತ್ತಾ ಕೂತ. ಹೊರಟ ಊರಿನ ಸಮಯಕ್ಕೂ ಹಡಗಿನಲ್ಲಿ ಸೂರ್ಯ ತೋರಿಸುವ ಸಮಯಕ್ಕೂ ಇರುವ ಅಂತರ ಗೊತ್ತಾದರೆ, ಪೂರ್ವಕ್ಕೋ ಪಶ್ಚಿಮಕ್ಕೋ ಎಷ್ಟು ದೂರ ಬಂದಿದ್ದೇವೆ ಎಂದು ತಿಳಿಯುತ್ತದೆ. ಅವನ ಗಡಿಯಾರ ಇಂಗ್ಲೆಂಡಿನಿಂದ ಜಮೈಕಾ ತಲುಪುವಷ್ಟರಲ್ಲಿ ಹಿಂದೆ ಬಿದ್ದಿದ್ದು ಸುಮಾರು 5 ಸೆಕೆಂಡ್. ಬಹುಮಾನದ ಹಣಕ್ಕಾಗಿ ಅವನು ಪಟ್ಟ ಪಾಡು ಬೇರೆಯೇ ಕಥೆ. ವಿಜ್ಞಾನವೇ ಬೇಡ ಎನ್ನುವ ದಿನ ಜಾನ್ ಹರ್ಸಿಯವರ 'ಹಿರೋಶಿಮಾ' ಓದಿ. 1946ರ ಆಗಸ್ಟ್ 31ರ 'ನ್ಯೂಯಾರ್ಕರ್' ಪತ್ರಿಕೆ ಇಡೀ ಸಂಚಿಕೆಯನ್ನೇ ಇದಕ್ಕೆ ಬಿಟ್ಟುಕೊಟ್ಟಿತ್ತು. ಬಾಂಬಿನಿಂದ ಬದುಕುಳಿದ ಆರು ಜನ ಆ ಹೊತ್ತಿನಲ್ಲಿ ಏನು ಮಾಡುತ್ತಿದ್ದರು ಎಂಬಲ್ಲಿಂದ ಅದು ಶುರುವಾಗುತ್ತದೆ. ಎಲ್ಲೂ ದನಿ ಏರಿಸುವುದಿಲ್ಲ. ಸಂಪಾದಕನಾಗಿ ಹೊಟ್ಟೆಕಿಚ್ಚು ಪಡುವ ಸಂಚಿಕೆ ಅದು.

ಒಂದೇ ಮಾತನ್ನು 300 ಪುಟ ಹೇಳಿದ ಪುಸ್ತಕದ ಬಗ್ಗೆ ನಿಮ್ಮ ಸಿಟ್ಟು ನ್ಯಾಯವಾದದ್ದೇ. ಅಂಥವು ಎಷ್ಟೋ ಸಲ ಒಂದು ಒಳ್ಳೆಯ ಲೇಖನವಾಗಿಯೋ ಭಾಷಣವಾಗಿಯೋ ಹುಟ್ಟಿರುತ್ತವೆ. ಜನ ಮೆಚ್ಚಿದ ಮೇಲೆ ನೀರು ಬೆರೆಸಿ ಪುಸ್ತಕ ಮಾಡುತ್ತಾರೆ. ಪರಿವಿಡಿ ನೋಡಿದರೆ ಸಾಕು. ಪ್ರತಿ ಅಧ್ಯಾಯದ ಹೆಸರೂ ಒಂದೇ ಉಪದೇಶವನ್ನು ಬೇರೆ ಬೇರೆ ಅಂಗಿ ತೊಡಿಸಿ ನಿಲ್ಲಿಸಿದ್ದರೆ, ಆ ಲೇಖಕರ ಲೇಖನವನ್ನೋ ಸಂದರ್ಶನವನ್ನೋ ಹುಡುಕಿ ಓದಿ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ.

ಪುಸ್ತಕ ಬಂದ ವರ್ಷವನ್ನೂ ನೋಡಬೇಕು. ಕಾದಂಬರಿಗೆ ವಯಸ್ಸಾದರೆ ಚಿಂತೆಯಿಲ್ಲ, ವಿಜ್ಞಾನದ ಮಾತು ಹಾಗಲ್ಲ. ನೊಬೆಲ್ ಪಡೆದ ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನ್‌ಮನ್ ಅವರ 'ಥಿಂಕಿಂಗ್, ಫಾಸ್ಟ್ ಅಂಡ್ ಸ್ಲೋ' (2011) ಎಲ್ಲರ ಪಟ್ಟಿಯಲ್ಲೂ ಇರುತ್ತದೆ. ನಮಗೆ ಅರಿವಿಲ್ಲದೆಯೇ ಸಣ್ಣಪುಟ್ಟ ಸುಳಿವುಗಳು ನಮ್ಮ ನಡತೆ ಬದಲಿಸುತ್ತವೆ ಎಂಬ ಒಂದು ಅಧ್ಯಾಯ ಅದರಲ್ಲಿದೆ. ಆ ಪ್ರಯೋಗಗಳಲ್ಲಿ ಕೆಲವನ್ನು ಬೇರೆಯವರು ಮತ್ತೆ ಮಾಡಿ ನೋಡಿದಾಗ ಅದೇ ಫಲಿತಾಂಶ ಬರಲಿಲ್ಲ. 2017ರಲ್ಲಿ ಕಾನ್‌ಮನ್ ಅವರೇ, ಚಿಕ್ಕ ಚಿಕ್ಕ ಅಧ್ಯಯನಗಳನ್ನು ಜಾಸ್ತಿ ನಂಬಿಬಿಟ್ಟೆ ಎಂದು ಒಪ್ಪಿಕೊಂಡರು. ಪುಸ್ತಕದ ಉಳಿದ ಭಾಗ ಈಗಲೂ ಓದಲು ಯೋಗ್ಯ. ಆದರೆ ಹಳೆಯ ಮುದ್ರಣ ಕೈಗೆತ್ತಿಕೊಂಡವರಿಗೆ ಈ ಸುದ್ದಿಯನ್ನು ಪುಸ್ತಕ ಹೇಳುವುದಿಲ್ಲ. ಆಹಾರ, ನಿದ್ದೆ, ಮನಸ್ಸು ಇವುಗಳ ಮೇಲಿನ ಪುಸ್ತಕ ಕೊಳ್ಳುವ ಮುನ್ನ ಅದರ ಮೇಲೆ ಬಂದ ಟೀಕೆಯನ್ನೂ ಒಮ್ಮೆ ಹುಡುಕಿ.

ಇನ್ನೊಂದು ನನ್ನ ಇಷ್ಟದ ದಾರಿ: ಒಂದೇ ಘಟನೆಯ ಮೇಲೆ ಎರಡು ಪುಸ್ತಕ. ಡಿಎನ್‌ಎ ರಚನೆ ಕಂಡುಹಿಡಿದ ಕಥೆಯನ್ನು, ಕಂಡುಹಿಡಿದವರಲ್ಲಿ ಒಬ್ಬರಾದ ಜೇಮ್ಸ್ ವಾಟ್ಸನ್ 'ದ ಡಬಲ್ ಹೆಲಿಕ್ಸ್' (1968) ಪುಸ್ತಕದಲ್ಲಿ ಹೇಳಿದ್ದಾರೆ. ಪತ್ತೇದಾರಿ ಕಾದಂಬರಿಯ ಓಟ ಅದಕ್ಕಿದೆ. ಆದರೆ ಅದರಲ್ಲಿ, ಅದೇ ರಚನೆಯ ಬೆನ್ನು ಹತ್ತಿದ್ದ ವಿಜ್ಞಾನಿ ರೊಸಾಲಿಂಡ್ ಫ್ರಾಂಕ್ಲಿನ್ ಸಿಡುಕಿನ ಹೆಂಗಸು, ಅವರ ಉಡುಪಿನ ಬಗ್ಗೆಯೂ ಕೊಂಕು. ಅವರ ಪ್ರಯೋಗಾಲಯದಲ್ಲಿ ತೆಗೆದ ಡಿಎನ್‌ಎಯ ಎಕ್ಸ್-ರೇ ಚಿತ್ರವನ್ನು ಅವರಿಗೆ ತಿಳಿಯದ ಹಾಗೆ ವಾಟ್ಸನ್‌ಗೆ ತೋರಿಸಲಾಗಿತ್ತು. ಪುಸ್ತಕ ಬರುವ ಹತ್ತು ವರ್ಷ ಮೊದಲೇ, 37ನೇ ವಯಸ್ಸಿಗೆ ಫ್ರಾಂಕ್ಲಿನ್ ತೀರಿಕೊಂಡಿದ್ದರು. ಉತ್ತರ ಕೊಡಲು ಅವರಿರಲಿಲ್ಲ. ಬ್ರೆಂಡಾ ಮ್ಯಾಡಾಕ್ಸ್ 2002ರಲ್ಲಿ ಬರೆದ ಫ್ರಾಂಕ್ಲಿನ್ ಜೀವನಚರಿತ್ರೆಯನ್ನು ಇದರ ಬೆನ್ನಿಗೇ ಓದಿ. ಒಂದೇ ಕೋಣೆ, ಅದೇ ಜನ, ಕಥೆ ಮಾತ್ರ ಬೇರೆ.

ಹೊಸ ಪುಸ್ತಕ ಹುಡುಕಲು ಬಹುಮಾನಗಳ ಅಂತಿಮ ಪಟ್ಟಿ ಒಳ್ಳೆಯ ಜಾಗ. ಗೆದ್ದದ್ದು ಎಲ್ಲರಿಗೂ ಗೊತ್ತಾಗುತ್ತದೆ, ಸೋತ ಐದರಲ್ಲಿ ನಿಮ್ಮದು ಇರಬಹುದು. ಬ್ರಿಟನ್ನಿನ ವಿಜ್ಞಾನಿಗಳ ಸಂಸ್ಥೆ ರಾಯಲ್ ಸೊಸೈಟಿ 1988ರಿಂದ ವಿಜ್ಞಾನದ ಪುಸ್ತಕಗಳಿಗೆ ಬಹುಮಾನ ಕೊಡುತ್ತಿದೆ. ಎಳೆಯರ ಪುಸ್ತಕಗಳಿಗೂ ಅದರದೇ ಒಂದು ಬಹುಮಾನ ಇದೆ, ಗೆಲ್ಲುವುದು ಯಾವುದು ಎಂದು ಮಕ್ಕಳೇ ತೀರ್ಮಾನಿಸುತ್ತಾರೆ. ಮಕ್ಕಳ ಪುಸ್ತಕ ಎಂದು ಮೂಗು ಮುರಿಯಬೇಡಿ. ಬೈಂಡಿಂಗ್ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ, ಮುಂದೆ ದೊಡ್ಡ ವಿಜ್ಞಾನಿಯಾದ ಮೈಕೆಲ್ ಫ್ಯಾರಡೆಗೆ ರಸಾಯನಶಾಸ್ತ್ರದ ಹುಚ್ಚು ಹಿಡಿಸಿದ್ದರಲ್ಲಿ ಜೇನ್ ಮಾರ್ಸೆಟ್ ಬರೆದ ಒಂದು ಸಂಭಾಷಣೆಯ ಪುಸ್ತಕದ ಪಾಲು ದೊಡ್ಡದು. ಅದರಲ್ಲಿ ಒಬ್ಬ ಟೀಚರ್, ಇಬ್ಬರು ಹುಡುಗಿಯರು, ಮಾತುಕತೆ. ಮುಂದೆ ಫ್ಯಾರಡೆ ಎಳೆಯರಿಗೆಂದೇ ಮೇಣದ ಬತ್ತಿಯ ಮೇಲೆ ಭಾಷಣ ಮಾಡಿದರು. ಅದು 1861ರಲ್ಲಿ ಪುಸ್ತಕವಾಯಿತು. ಬತ್ತಿ ಆರಿಸಿದ ಕೂಡಲೇ ಏಳುವ ಬಿಳಿ ಹೊಗೆಗೆ, ಬತ್ತಿಯಿಂದ ಎರಡು ಮೂರು ಇಂಚು ಮೇಲೆ, ಉರಿಯುವ ಕಡ್ಡಿ ಹಿಡಿದರೆ, ಬೆಂಕಿ ಹೊಗೆಯಲ್ಲೇ ಇಳಿದು ಬತ್ತಿ ಮತ್ತೆ ಹೊತ್ತಿಕೊಳ್ಳುತ್ತದೆ. ಉರಿಯುವುದು ಗಟ್ಟಿ ಮೇಣ ಅಲ್ಲ, ಅದರ ಆವಿ. ಗಾಳಿ ಆಡದ ಕೋಣೆಯಲ್ಲಿ ಮಾಡಿ ನೋಡಿ, ನೂರಕ್ಕೆ ನೂರು ಆಗುತ್ತದೆ.

ಯಾವುದಾದರೂ ಪುಸ್ತಕ ಇಷ್ಟವಾದರೆ ಅದರ ಕೊನೆಯ ಟಿಪ್ಪಣಿಗಳನ್ನು ಬಿಡಬೇಡಿ. ಲೇಖಕರು ಮತ್ತೆ ಮತ್ತೆ ಹೆಸರಿಸುವ ಇನ್ನೊಂದು ಪುಸ್ತಕ ಅಲ್ಲಿರುತ್ತದೆ. ನಿಮಗೆ ಮುಂದಿನದು ಅದೇ. ನೀವು ಕೇಳಿದ ಹತ್ತರ ಪಟ್ಟಿಯನ್ನು ನಾನು ಕೊಡದಿರುವುದೂ ಅದಕ್ಕೇ.

ಆಡಿಯೋ ಪುಸ್ತಕ ಧಾರಾಳವಾಗಿ ಕೇಳಿ. ಜೀವನಚರಿತ್ರೆ, ಇತಿಹಾಸ, ಸ್ಯಾಕ್ಸ್ ತರಹದ ರೋಗಿಗಳ ಕಥೆ ಕಿವಿಗೆ ಚೆನ್ನಾಗಿ ಹೊಂದುತ್ತವೆ. ನಕ್ಷೆ, ಚಿತ್ರ, ಲೆಕ್ಕ ಇರುವುದನ್ನು ಕಾಗದದಲ್ಲೇ ಓದಿ, ಹಿಂದಿನ ಪುಟಕ್ಕೆ ಹೋಗಿ ಬರಬೇಕಾಗುತ್ತದೆ. ಹಾಕಿಂಗ್ ಪುಸ್ತಕ ಸದ್ಯಕ್ಕೆ ಇದ್ದಲ್ಲೇ ಇರಲಿ. ಇಲ್ಲವೇ ಸುಮ್ನೆ ಕಪ್ಪುಕುಳಿಗಳ ಎರಡು ಅಧ್ಯಾಯಗಳನ್ನಷ್ಟೇ ಓದಿ ನೋಡಿ, ಅವರು ಸ್ವತಃ ಕೆಲಸ ಮಾಡಿದ್ದು ಅಲ್ಲಿ.