ಆ್ಯಪ್ ನಂಬಿದ ಸೈಕಲ್ ಕೊಳ್ಳಬಹುದೇ?

ಪ್ರಶ್ನೆ: ಹಳೆಯ ವ್ಯಾನ್‌ಮೂಫ್ ಎಸ್3 ಎಲೆಕ್ಟ್ರಿಕ್ ಸೈಕಲ್ ಅಗ್ಗವಾಗಿ ಸಿಗುತ್ತಿದೆ. ಆದರೆ ಅದರ ಬೀಗ ತೆಗೆಯುವುದು ಮೊಬೈಲ್ ಆ್ಯಪ್. ಕಂಪನಿ ಮುಚ್ಚಿದರೆ ಸೈಕಲ್ಲೂ ನಿಂತುಹೋಗುತ್ತದೆಯೇ?
– ಓದುಗರೊಬ್ಬರು, ಐಂಡ್‌ಹೋವನ್

ಉತ್ತರ: ನಿಮ್ಮ ಆತಂಕ ಸಕಾರಣವಾದುದು. ಆಮ್‌ಸ್ಟರ್‌ಡ್ಯಾಮ್‌ನ ಈ ಕಂಪನಿ 2023ರ ಜುಲೈನಲ್ಲಿ ದಿವಾಳಿಯಾದಾಗ ಸಾವಿರಾರು ಸವಾರರನ್ನು ಕಾಡಿದ್ದು ಇದೇ ಪ್ರಶ್ನೆ. ಫೋನು ಬ್ಲೂಟೂತ್ ಮೂಲಕ ಸೈಕಲ್ಲಿಗೆ ಆಜ್ಞೆ ಕೊಡಬೇಕಾದರೆ ಆ ಸೈಕಲ್ಲಿನದೇ ಆದ ಡಿಜಿಟಲ್ ಕೀಲಿ ಬೇಕು. ಆ್ಯಪ್ ಅದನ್ನು ಪಡೆಯುವುದು ಕಂಪನಿಯ ಸರ್ವರ್‌ನಿಂದ. ಸರ್ವರ್ ನಿಂತರೆ ಹೊಸ ಫೋನಿಗೆ ಕೀಲಿ ಸಿಗದು ಎಂಬುದನ್ನು ಮನಗಂಡು, ಬೆಲ್ಜಿಯಂನ ಪ್ರತಿಸ್ಪರ್ಧಿ ಸಂಸ್ಥೆ ಕೌಬಾಯ್, ಸವಾರರು ತಮ್ಮ ಕೀಲಿಯನ್ನು ಮೊದಲೇ ಉಳಿಸಿಕೊಳ್ಳಲೆಂದು ‘ಬೈಕಿ’ ಎಂಬ ಆ್ಯಪ್ ಹೊರತಂದಿತು. ಇದು ನಿಜಕ್ಕೂ ಮೆಚ್ಚಬೇಕಾದ ಕೆಲಸ. ಆಗಸ್ಟ್ ಕೊನೆಯಲ್ಲಿ ಬ್ರಿಟನ್ನಿನ ಮ್ಯಾಕ್‌ಲಾರೆನ್ ಅಪ್ಲೈಡ್‌ನ ಇ-ಸ್ಕೂಟರ್ ವಿಭಾಗವು ವ್ಯಾನ್‌ಮೂಫ್ ಅನ್ನು ಕೊಂಡುಕೊಂಡಿತು.

ಎಸ್3 ಮಾದರಿಯಲ್ಲಿ ಹ್ಯಾಂಡಲ್‌ನ ಗುಂಡಿಯನ್ನು ಒತ್ತಿ, ಮೊದಲೇ ನಿಗದಿಪಡಿಸಿದ ಸಂಕೇತದಿಂದಲೂ ಬೀಗ ತೆಗೆಯಬಹುದು. ಹಣ ಕೊಡುವ ಮುನ್ನ ಮಾರುವವರು ನಿಮ್ಮೆದುರಿಗೇ ಆ್ಯಪ್‌ನಲ್ಲಿ ಮಾಲೀಕತ್ವವನ್ನು ನಿಮ್ಮ ಹೆಸರಿಗೆ ವರ್ಗಾಯಿಸಲಿ; ಬಳಿಕ ಫೋನು ಆರಿಸಿ, ಸಂಕೇತವೊಂದರಿಂದಲೇ ಸೈಕಲ್ಲನ್ನು ತೆರೆದು ಸ್ವಲ್ಪ ದೂರ ಓಡಿಸಿ ನೋಡಿ. ಇದಕ್ಕೆ ಅವರು ಒಪ್ಪದಿದ್ದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಕೊಳ್ಳಬೇಡಿ.